ಐವತ್ತು ಸೆಂಟ್ಸಿನ ಒಪ್ಪಂದ

ಆರೋಗ್ಯ ವಿಮೆಯನ್ನು ಕುರಿತ ನಮ್ಮ ಸಂವಾದ ಪ್ರಸಾರವಾದ ಮೇಲೆ ಹಾಸನ ಜಿಲ್ಲೆಯ ಪಿ.ಯು. ವಿದ್ಯಾರ್ಥಿನಿಯೊಬ್ಬಳು ಒಂದು ಪತ್ರ ಬರೆದಿದ್ದಳು. ಅವಳ ತಾಯಿಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಗಿತ್ತು. ಅದೇ ವಾರ್ಡಿನಲ್ಲಿ, ಅದೇ ವೈದ್ಯರಿಂದ, ಅದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಪಕ್ಕದ ಹಾಸಿಗೆಯವರ ಬಿಲ್ಲು ಇವರದಕ್ಕಿಂತ ಬಹಳ ಕಡಿಮೆ. ಅವರಿಗೆ ವಿಮೆಯಿತ್ತು, ಇವರಿಗೆ ಇರಲಿಲ್ಲ. "ಸರ್, ಕತ್ತರಿ ಒಂದೇ, ಬೆಲೆ ಎರಡೇಕೆ?" ಎಂದು ಅವಳ ಪ್ರಶ್ನೆ.

ಕಾರ್ಯಕ್ರಮದ ಅರ್ಧ ಗಂಟೆಯಲ್ಲಿ ಈ ಪ್ರಶ್ನೆಗೆ ಜಾಗವಿರಲಿಲ್ಲ. ಇಲ್ಲಿ ಇದೆ. ಉತ್ತರವನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಪಕ್ಕದ ಹಾಸಿಗೆಯವರ ಪರವಾಗಿ ಯಾರೋ ಒಬ್ಬರು ಮೊದಲೇ ಆಸ್ಪತ್ರೆಯವರೆದುರು ಕುಳಿತು ಬೆಲೆ ಮಾತನಾಡಿದ್ದರು. ಆ ಮಾತುಕತೆಗೆ ಒಂದು ಚರಿತ್ರೆಯಿದೆ.

ಅದನ್ನು ಹುಡುಕಿಕೊಂಡು ನಾವು ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರಕ್ಕೆ, 1929ನೇ ಇಸವಿಗೆ ಹೋಗಬೇಕು. ಆ ವರ್ಷ ಜಸ್ಟಿನ್ ಫೋರ್ಡ್ ಕಿಂಬಲ್ ಎಂಬವರು ಬೇಲರ್ ವಿಶ್ವವಿದ್ಯಾಲಯದ ಉಪಾಧ್ಯಕ್ಷರಾಗಿ ಅಲ್ಲಿನ ಆಸ್ಪತ್ರೆಯ ಹೊಣೆಯನ್ನು ವಹಿಸಿಕೊಂಡರು. ಅವರು ವೈದ್ಯರಲ್ಲ, ವಿಮಾ ಕಂಪನಿಯವರೂ ಅಲ್ಲ. ಕಾನೂನು ಓದಿದವರು. 1914ರಿಂದ 1924ರವರೆಗೆ ಡಲ್ಲಾಸ್ ನಗರದ ಶಾಲೆಗಳ ಮುಖ್ಯಾಧಿಕಾರಿಯಾಗಿದ್ದವರು. ಆಸ್ಪತ್ರೆಯ ಖಾತೆ ಪುಸ್ತಕಗಳನ್ನು ತಿರುವಿ ಹಾಕುವಾಗ ವಸೂಲಾಗದ ಬಾಕಿಗಳ ಪಟ್ಟಿಯಲ್ಲಿ ಪರಿಚಯದ ಹೆಸರುಗಳು ಕಣ್ಣಿಗೆ ಬಿದ್ದವು. ಅವೆಲ್ಲ ಶಾಲಾ ಉಪಾಧ್ಯಾಯರ ಹೆಸರುಗಳು.

ಇಲ್ಲಿ ಇನ್ನೊಬ್ಬ ಆಡಳಿತಗಾರನಾಗಿದ್ದರೆ ವಸೂಲಿಗೆ ನೋಟೀಸು ಕಳಿಸುತ್ತಿದ್ದನೋ ಏನೋ. ಕಿಂಬಲ್ ಹಳೆಯದೊಂದು ಕಡತವನ್ನು ತರಿಸಿದರು. ತಾವು ಶಾಲೆಗಳ ಅಧಿಕಾರಿಯಾಗಿದ್ದಾಗ ಉಪಾಧ್ಯಾಯರಿಗಾಗಿ ಕಾಯಿಲೆ ನಿಧಿಯೊಂದನ್ನು ಕಟ್ಟಿದ್ದರು. ಯಾರು ಎಷ್ಟು ದಿನ ಮಲಗಿದರು ಎಂಬ ವಿವರ ಅದರ ದಾಖಲೆಗಳಲ್ಲಿತ್ತು. ಅದನ್ನು ಲೆಕ್ಕ ಹಾಕಿದಾಗ, ಒಬ್ಬ ಉಪಾಧ್ಯಾಯರಿಗೆ ತಿಂಗಳಿಗೆ ಸರಾಸರಿ 15 ಸೆಂಟ್ಸಿನಷ್ಟು ಆಸ್ಪತ್ರೆಯ ಖರ್ಚು ಬರುತ್ತದೆಂದು ಕಂಡಿತು. ಅವರು ನಿಗದಿ ಮಾಡಿದ್ದು 50 ಸೆಂಟ್ಸು. ಅಂದರೆ ವರ್ಷಕ್ಕೆ 6 ಡಾಲರು. ಅದಕ್ಕೆ ಪ್ರತಿಯಾಗಿ ವರ್ಷದಲ್ಲಿ 21 ದಿನಗಳವರೆಗೆ ಆಸ್ಪತ್ರೆಯ ವಾಸ, ಶಸ್ತ್ರಚಿಕಿತ್ಸಾ ಕೊಠಡಿಯ ಬಳಕೆ ಮತ್ತು ಸಂಬಂಧಪಟ್ಟ ಕೆಲವು ಸೇವೆಗಳು.

ವಿಜ್ಞಾನ ಓದಿದ ನನ್ನಂಥವನಿಗೆ ಈ ಕಥೆಯಲ್ಲಿ ತುಂಬ ಹಿಡಿಸಿದ ಭಾಗ ಇದೇ. 15ಕ್ಕೂ 50ಕ್ಕೂ ನಡುವಿನ ಅಂತರ ಬರೀ ಲಾಭದಾಸೆಯಲ್ಲ. ಹಳೆಯ ದಾಖಲೆ ಹಳೆಯ ನಡವಳಿಕೆಯನ್ನಷ್ಟೇ ತಿಳಿಸುತ್ತದೆ. ಕೈಯಿಂದ ದುಡ್ಡು ಕೊಡಬೇಕಾದಾಗ ಆಸ್ಪತ್ರೆಗೆ ಹೋಗದೆ ಕಷಾಯ ಕುಡಿದು ಮಲಗಿದವರು, ಮುಂಗಡ ಕಟ್ಟಿದ ಮೇಲೆ ಖಂಡಿತ ಬಂದೇ ಬರುತ್ತಾರೆ. ಪ್ರಯೋಗಾಲಯದಲ್ಲಿ ಅಳತೆಯ ದೋಷಕ್ಕೆ ನಾವು ಜಾಗ ಬಿಡುವುದಿಲ್ಲವೇ, ಹಾಗೆಯೇ ಇದು.

ಇನ್ನೊಂದು ಷರತ್ತು ಇನ್ನೂ ಜಾಣತನದ್ದು. ಉಪಾಧ್ಯಾಯರಲ್ಲಿ ನೂರಕ್ಕೆ 75 ಮಂದಿ ಸೇರಿದರೆ ಮಾತ್ರ ಯೋಜನೆ ಜಾರಿಗೆ ಬರುತ್ತದೆ ಎಂದರು. ಏಕೆ? ಸೇರುವುದು ಬಿಡುವುದು ಅವರವರ ಇಷ್ಟ ಎಂದುಬಿಟ್ಟರೆ ಮೊದಲು ಓಡಿ ಬರುವವರು ಕಾಯಿಲೆಯವರೇ. ಆಗ ಖರ್ಚು ಏರಿ ಕಂತು ಏರುತ್ತದೆ. ಕಂತು ಏರಿದೊಡನೆ ಗಟ್ಟಿಮುಟ್ಟಾದವರು ಬಿಟ್ಟು ಹೋಗುತ್ತಾರೆ, ಕಂತು ಮತ್ತೂ ಏರುತ್ತದೆ. ಕೊನೆಗೆ ನಿಧಿಯೇ ಮುಳುಗುತ್ತದೆ. ಗುಂಪು ದೊಡ್ಡದಾಗಿ, ಅದರಲ್ಲಿ ಆರೋಗ್ಯವಂತರೂ ಕಲೆತಿದ್ದರೆ ಮಾತ್ರ ಸರಾಸರಿಯ ಲೆಕ್ಕ ನಿಲ್ಲುತ್ತದೆ. ಸಂಖ್ಯಾಶಾಸ್ತ್ರದ ಪಾಠವನ್ನು ಕಿಂಬಲ್ ಒಪ್ಪಂದದ ಒಂದು ಕಲಮಾಗಿ ಬರೆದರು.

1929ರ ಅಕ್ಟೋಬರಿನಲ್ಲಿ ಷೇರುಪೇಟೆ ಕುಸಿಯಿತು. ಡಿಸೆಂಬರ್ 20ರಂದು ಯೋಜನೆ ಜಾರಿಗೆ ಬಂತು. ಆ ವೇಳೆಗೆ ಸಾವಿರಕ್ಕೂ ಹೆಚ್ಚು ಉಪಾಧ್ಯಾಯರು ಸೇರಿದ್ದರು. ಕ್ರಿಸ್‌ಮಸ್ ಸಮಯದಲ್ಲಿ ಹಿಮದ ಮೇಲೆ ಜಾರಿ ಬಿದ್ದು ಕಾಲಿನ ಮಣಿಕಟ್ಟು ಮುರಿದುಕೊಂಡ ಉಪಾಧ್ಯಾಯಿನಿಯೊಬ್ಬರು ಇದರ ಮೊದಲ ಫಲಾನುಭವಿ.

ಮುಂದಿನ ಆರ್ಥಿಕ ಮುಗ್ಗಟ್ಟಿನ ವರ್ಷಗಳಲ್ಲಿ ಊರೂರಿನ ಆಸ್ಪತ್ರೆಗಳಲ್ಲಿ ಹಾಸಿಗೆಗಳು ಖಾಲಿ ಬಿದ್ದವು. ಎಲ್ಲರಿಗೂ ಡಲ್ಲಾಸಿನ ದಾರಿ ಹಿಡಿಸಿತು. ಒಂದು ತೊಡಕು ಮಾತ್ರ ಇತ್ತು. ಒಂದೇ ಆಸ್ಪತ್ರೆಯ ಯೋಜನೆಗೆ ಸೇರಿದವನು ಇನ್ನೊಂದಕ್ಕೆ ಹೋಗುವಂತಿಲ್ಲ, ಆಸ್ಪತ್ರೆಗಳ ನಡುವೆ ಪೈಪೋಟಿ ಬೇರೆ. ಆದ್ದರಿಂದ 1932ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಹಲವು ಆಸ್ಪತ್ರೆಗಳು ಕೂಡಿ ಒಂದೇ ಯೋಜನೆ ಮಾಡಿದವು. 1934ರಲ್ಲಿ ಮಿನ್ನೆಸೋಟದ ಯೋಜನೆಯೊಂದು ನೀಲಿ ಶಿಲುಬೆಯ ಗುರುತನ್ನು ಬಳಸಿತು. ಮುಂದೆ ಅಮೆರಿಕದ ಮನೆಮನೆಗೂ ಪರಿಚಿತವಾದ 'ಬ್ಲೂ ಕ್ರಾಸ್' ಎಂಬ ಹೆಸರು ಹುಟ್ಟಿದ್ದು ಅಲ್ಲಿಂದ.

ಆದರೆ ಬೆಲೆ ಮಾತನಾಡುವವರು ಯಾರು? ಬ್ಲೂ ಕ್ರಾಸ್ ಸಂಸ್ಥೆಗಳ ಆಡಳಿತ ಮಂಡಲಿಗಳಲ್ಲಿ ಬಹುಕಾಲ ಆಸ್ಪತ್ರೆಗಳವರದೇ ಪ್ರಾಬಲ್ಯ. ಮದುವೆಯ ಮಾತುಕತೆಯಲ್ಲಿ ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಒಂದೇ ಮನೆಯವರಾದರೆ ಕೊಡುಕೊಳ್ಳುವ ಮಾತಿಗೆ ಬಿಸಿಯೇರುವುದೆಲ್ಲಿ? ಆಸ್ಪತ್ರೆ ತನಗಾದ ವೆಚ್ಚ ತೋರಿಸುತ್ತಿತ್ತು, ಸಂಸ್ಥೆ ತೆರುತ್ತಿತ್ತು. 1965ರಲ್ಲಿ ವೃದ್ಧರಿಗಾಗಿ ಬಂದ ಸರ್ಕಾರಿ ಯೋಜನೆ 'ಮೆಡಿಕೇರ್' ಕೂಡ ಇದೇ ಪದ್ಧತಿಯನ್ನು ಅನುಸರಿಸಿತು. ಹೆಚ್ಚು ಖರ್ಚು ಮಾಡಿದವನಿಗೆ ಹೆಚ್ಚು ಹಣ! ಇದಕ್ಕೆ ಕಡಿವಾಣ ಬಿದ್ದದ್ದು 1983ರಲ್ಲಿ. ಯೇಲ್ ವಿಶ್ವವಿದ್ಯಾಲಯದ ರಾಬರ್ಟ್ ಫೆಟರ್ ಮತ್ತು ಜಾನ್ ಥಾಂಪ್ಸನ್ ರೋಗಿಗಳನ್ನು ನಾಲ್ಕುನೂರಕ್ಕೂ ಹೆಚ್ಚು ಗುಂಪುಗಳಾಗಿ ವಿಂಗಡಿಸುವ ಕ್ರಮವನ್ನು ರೂಪಿಸಿದ್ದರು. ಪ್ರತಿ ಗುಂಪಿಗೂ ಮೊದಲೇ ಗೊತ್ತುಪಡಿಸಿದ ಒಂದೇ ಮೊತ್ತವೆಂದು ಮೆಡಿಕೇರ್ ಸಾರಿತು. ರೋಗಿ ಐದು ದಿನ ಇರಲಿ, ಎಂಟು ದಿನ ಇರಲಿ, ಸಾಮಾನ್ಯವಾಗಿ ಹಣ ಅಷ್ಟೇ. ನಷ್ಟದ ಭಯ ಮೇಜಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯಿತು.

ಈ ಮೇಜು ನಮ್ಮ ರಾಜ್ಯಕ್ಕೂ ಬಂದಿದೆ. ಡಾ. ದೇವಿಪ್ರಸಾದ್ ಶೆಟ್ಟಿಯವರ ಕಲ್ಪನೆಯಿಂದ ಮೂಡಿ, ಸಹಕಾರ ಇಲಾಖೆಯ ಮೂಲಕ 2003ರ ಜೂನ್ 1ರಂದು ಜಾರಿಗೆ ಬಂದ ಯಶಸ್ವಿನಿ ಯೋಜನೆಯನ್ನು ನಿಮ್ಮ ಮನೆಯ ಹಿರಿಯರು ಬಲ್ಲರು. ಸಹಕಾರ ಸಂಘದ ಸದಸ್ಯನಾದ ರೈತ ಆಗ ತಿಂಗಳಿಗೆ 5 ರೂಪಾಯಿ, ಅಂದರೆ ವರ್ಷಕ್ಕೆ 60 ರೂಪಾಯಿ ಕಟ್ಟಬೇಕಿತ್ತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು, ಸರ್ಕಾರವೂ ಕೈಗೂಡಿಸಿತು. ಇಲ್ಲಿ ವಿಮಾ ಕಂಪನಿ ಇರಲಿಲ್ಲ. ಟ್ರಸ್ಟೊಂದು ಖಾಸಗಿ ಆಸ್ಪತ್ರೆಗಳೊಡನೆ ಒಂದೊಂದು ಶಸ್ತ್ರಚಿಕಿತ್ಸೆಗೂ ಇಂತಿಷ್ಟು ಎಂದು ದರ ಗೊತ್ತು ಮಾಡಿಕೊಂಡಿತು.

ಕಡಿಮೆ ದರಕ್ಕೆ ಆಸ್ಪತ್ರೆಗಳು ಒಪ್ಪಿದ್ದೇಕೆ? ಒಂದು ಲೆಕ್ಕ ಮಾಡೋಣ. ಒಂದು ಶಸ್ತ್ರಚಿಕಿತ್ಸಾ ಕೊಠಡಿಗೆ ಸಂಬಳ, ವಿದ್ಯುತ್ತು, ಸಾಲದ ಬಡ್ಡಿ ಸೇರಿ ದಿನಕ್ಕೆ 10,000 ರೂಪಾಯಿ ವೆಚ್ಚವೆಂದಿಟ್ಟುಕೊಳ್ಳಿ. ದಿನಕ್ಕೆ ಎರಡು ಶಸ್ತ್ರಚಿಕಿತ್ಸೆಯಾದರೆ ತಲಾ 5,000, ಐದಾದರೆ ತಲಾ 2,000. ಖಾಲಿ ಕೊಠಡಿಗೂ ಬಡ್ಡಿ ಓಡುತ್ತಲೇ ಇರುತ್ತದೆ. ಹಾಗಾಗಿ ಸಂಖ್ಯೆಯ ಭರವಸೆ ಕೊಟ್ಟವನಿಗೆ ಬೆಲೆ ಇಳಿಸಲು ಆಸ್ಪತ್ರೆ ಸಿದ್ಧ. ದರ ಕೈಗೆ ಗಿಟ್ಟುವುದಿಲ್ಲವೆಂಬ ದೂರು ಆಸ್ಪತ್ರೆಗಳಿಂದಲೂ, ಕಂತು ಏರಿದಾಗ ರೈತರಿಂದಲೂ ಬರುವುದು ಇಂಥ ಯೋಜನೆಗಳ ಪಾಡು. 60 ರೂಪಾಯಿಯ ಕಂತು ಕೆಲವೇ ವರ್ಷಗಳಲ್ಲಿ 120 ಆಯಿತು. 2018ರಲ್ಲಿ ಯಶಸ್ವಿನಿ ಬೇರೊಂದು ಯೋಜನೆಯಲ್ಲಿ ವಿಲೀನಗೊಂಡಿತು, 2022-23ರಲ್ಲಿ ಮತ್ತೆ ಬಂತು.

ಹಾಸನದ ಹುಡುಗಿಗೆ ಬರೆದ ಉತ್ತರದಲ್ಲಿ ಇಷ್ಟನ್ನೂ ಹೇಳಿ, ಅವಳ ತಾಯಿಯ ಪರವಾಗಿ ಆ ಮೇಜಿನ ಬಳಿ ಯಾರೂ ಕುಳಿತಿರಲಿಲ್ಲ ಎಂದು ಬರೆದೆ. ನಮ್ಮ ರಾಜ್ಯದ ಕಾನೂನಿನಂತೆ ಖಾಸಗಿ ಆಸ್ಪತ್ರೆಗಳು ದರಗಳ ಪಟ್ಟಿಯನ್ನು ಜನರಿಗೆ ಕಾಣುವಂತೆ ತೂಗುಹಾಕಬೇಕು. ಅಮೆರಿಕದಲ್ಲಾದರೋ 2021ರ ಜನವರಿ 1ರಿಂದ ವಿಮೆಯವರೊಡನೆ ಮಾತಾಡಿಕೊಂಡ ದರಗಳನ್ನೂ ಆಸ್ಪತ್ರೆಗಳು ಪ್ರಕಟಿಸಬೇಕೆಂಬ ನಿಯಮ ಬಂದಿದೆ. ಹೊಲಿಗೆ ಬಿಚ್ಚಿಸಲು ತಾಯಿಯನ್ನು ಕರೆದುಕೊಂಡು ಹೋದಾಗ ಆ ಪಟ್ಟಿ ಎಲ್ಲಿದೆಯೆಂದು ನೋಡಿ, ಪಿತ್ತಕೋಶದ ಸಾಲಿನಲ್ಲಿ ಏನಿದೆಯೆಂದು ಬರೆದು ಕಳಿಸಲು ಹೇಳಿದ್ದೇನೆ.