ತವರು ಬಿಟ್ಟು ಬಂದ ತಾಯಿ

ದೇವರುಗಳೂ ವಲಸೆ ಹೋಗುತ್ತಾರೆ. ಮುಂಬಯಿಗೆ ಬಂದು ಮೂವತ್ತು ವರ್ಷವಾದ ನನಗೆ ಇತಿಹಾಸ ಓದುವಾಗ ರಾಜಮಹಾರಾಜರಿಗಿಂತ ಇಂಥವರೇ ಹೆಚ್ಚು ಹತ್ತಿರದವರು ಅನ್ನಿಸುತ್ತೆ. ಅವರಲ್ಲೊಬ್ಬಳು ಕಿಬೆಲೆ.

ಗ್ರೀಕ್ ಪುರಾಣಗಳಲ್ಲಿ ಸಿಂಹಗಳ ರಥವೇರಿ ಬರುವ ಈ ದೇವಿ ಮೂಲತಃ ಗ್ರೀಕಳಲ್ಲ. ತವರು ಫ್ರಿಜಿಯಾ, ಅಂದರೆ ಇಂದಿನ ಟರ್ಕಿಯ ನಡುಭಾಗ. ಅಲ್ಲಿನವರು ಬೆಟ್ಟದ ಬಂಡೆಯನ್ನೇ ಗುಡಿಯ ಬಾಗಿಲಿನಂತೆ ಕಡೆದು ಅವಳನ್ನು ಪೂಜಿಸುತ್ತಿದ್ದರು. ಶಾಸನಗಳಲ್ಲಿ ಅವಳು ಬರೀ 'ಮಾತರ್'. ಹೌದು, ಸಂಸ್ಕೃತದ 'ಮಾತೃ'ವಿಗೆ ಬಳಗದ ಪದವೇ! ಕೆಲವೆಡೆ 'ಮಾತರ್ ಕುಬಿಲೆಯಾ' ಎಂದಿದೆ. 'ಬೆಟ್ಟದ ತಾಯಿ' ಎಂದಿರಬೇಕು. ಗ್ರೀಕರು ಆ ವಿಶೇಷಣವನ್ನೇ ಹೆಸರು ಮಾಡಿಬಿಟ್ಟರು. ಪರವೂರಲ್ಲಿ ನಮ್ಮ ಹೆಸರುಗಳ ಗತಿ ನಿಮಗೆ ಗೊತ್ತೇ ಇದೆಯಲ್ಲ...

ಕ್ರಿ.ಪೂ. 6ನೇ ಶತಮಾನದಲ್ಲಿ ಅವಳು ಗ್ರೀಕರ ನಡುವೆ ನೆಲೆಯೂರಿದಳು. ವೇಷವೂ ಬದಲಾಯಿತು. ತವರಿನ ಶಿಲ್ಪಗಳಲ್ಲಿ ಬೇಟೆಹಕ್ಕಿ ಹಿಡಿದು ನಿಂತವಳು, ಇಲ್ಲಿ ಪೀಠದ ಮೇಲೆ ಕೂತು ಸಿಂಹವನ್ನೂ ತಮಟೆಯನ್ನೂ ಇಟ್ಟುಕೊಂಡಳು. ಜ್ಯೂಸನ ತಾಯಿ ರೇಯಾಳೂ ಇವಳೂ ಒಬ್ಬಳೇ ಎಂದು ನೆಂಟಸ್ತಿಕೆ ಬೆಳೆಸಿದರು. ಬೆಳೆ, ಬಸಿರು, ಕಾಡುಮೃಗ ಎಲ್ಲಕ್ಕೂ ಅವಳೇ ತಾಯಿ. ಅಥೆನ್ಸಿನಲ್ಲಿ ಅವಳ ಗುಡಿಯ ಹೆಸರು 'ಮೆಟ್ರೋಆನ್', ಅಮ್ಮನ ಮನೆ. ನಗರದ ಸರ್ಕಾರಿ ದಾಖಲೆಗಳನ್ನೆಲ್ಲ ಇಟ್ಟಿದ್ದು ಅಲ್ಲೇ! ಮನೆಯ ಬೀಗದಕೈ ಕೊಟ್ಟ ಹಾಗೆ. ಆದರೂ ಅವಳ ತಮಟೆ, ತಾಳ, ಮೈಮರೆತ ಕುಣಿತ ಕಂಡಾಗ ಮಾತ್ರ 'ಹೊರಗಿನದು' ಎಂಬ ಮಾತು.

ರೋಮಿನ ಕಥೆ ಇನ್ನೂ ಖಾರ. ಹನ್ನಿಬಾಲ್ ಇಟಲಿಯಲ್ಲೇ ಬೀಡುಬಿಟ್ಟಿದ್ದಾಗ, ಕ್ರಿ.ಪೂ. 204ರಲ್ಲಿ, ಸಂಕಟ ನೀಗಲೆಂದು ಅವಳ ಸಂಕೇತವಾದ ಕಪ್ಪುಕಲ್ಲನ್ನು ಹಡಗಿನಲ್ಲಿ ತರಿಸಿದರು. 191ರಲ್ಲಿ ಪಾಲಟೈನ್ ಗುಡ್ಡದ ಮೇಲೆ ಗುಡಿಯಾಯಿತು. ಪೂಜೆಗೆ ಫ್ರಿಜಿಯಾದವರೇ ಬೇಕು. ಆದರೆ ರೋಮಿನಲ್ಲಿ ಹುಟ್ಟಿದವರು ಅವರಂತೆ ಬಣ್ಣದ ಉಡುಪು ತೊಟ್ಟು ಮೆರವಣಿಗೆಯಲ್ಲಿ ಕುಣಿಯುವಂತಿಲ್ಲ ಎಂಬ ಕಾನೂನಿತ್ತೆಂದು ಇತಿಹಾಸಕಾರ ಡಯೊನಿಸಿಯಸ್ ಬರೆದಿದ್ದಾನೆ. ತಾಯಿ ಬೇಕು, ಅವಳ ಜೊತೆ ಬಂದವರ ನಡೆನುಡಿ ಬೇಡ! ಕಷ್ಟಕಾಲದಲ್ಲಿ ಕೈಹಿಡಿದವರನ್ನು ಊರು ಆಮೇಲೆ ಹೀಗೆ ದೂರ ಕೂರಿಸುವುದು ಹೊಸದೇನಲ್ಲ, ನೋಡಿ.

ಫ್ರಿಜಿಯನ್ ಭಾಷೆ ಸತ್ತು ಶತಮಾನಗಳೇ ಕಳೆದವು. ಅವಳ ಜೊತೆ ವಲಸೆ ಬಂದವರ ಮೊಮ್ಮಕ್ಕಳು ಯಾವ ಭಾಷೆಯಲ್ಲಿ ಅವಳನ್ನು ಕರೆದರೋ! ತವರಿನ ಬಂಡೆಗಳ ಮೇಲೆ ಮಾತ್ರ 'ಮಾತರ್' ಎಂಬ ಅಕ್ಷರಗಳು ಇಂದಿಗೂ ಇವೆ.