ಮಹಾನಾಯಕ ನೋಡಿದ ಮನಿ

2020ರಲ್ಲಿ ಜೀ ಕನ್ನಡದಾಗ ‘ಮಹಾನಾಯಕ’ ಧಾರಾವಾಹಿ ಶುರುವಾದಾಗ ಜುಗೂಳದ ನಮ್ಮ ಮನಿಯಾಗ ಗಂಡಸರು ಟಿವಿ ಮುಂದ ಕೂತೆವು. ಶಾಲೆಯಲ್ಲಿ ಭೀಮನನ್ನು ದೂರ ಕೂಡಿಸಿದ್ದು ನೋಡಿ ಕಣ್ಣೀರು ಹಾಕಿದೆವು. ಅವ್ವ, ನನ್ನ ಹೆಂಡತಿ ರೊಟ್ಟಿ ಬಡಕೋತ ಒಳಗಿಂದಲೇ ಕೇಳಿದರು.

ಬಾಬಾಸಾಹೇಬರು 1925ರಲ್ಲೇ ನಮ್ಮ ನಿಪ್ಪಾಣಿ ಪರಿಷತ್ತಿಗೆ ಬಂದಿದ್ದರು. 1927ರ ಡಿಸೆಂಬರ್‌ನಲ್ಲಿ ಮಹಾಡದಾಗ ಮನುಸ್ಮೃತಿ ಸುಟ್ಟಾಗ ಹೆಣ್ಣುಮಕ್ಕಳಿಗೇ ಬೇರೆ ಭಾಷಣ ಮಾಡಿ, ಮಗಳನ್ನೂ ಓದಿಸ್ರಿ ಅಂದರು. ಮಗಳಿಗೂ ಆಸ್ತಿಯಲ್ಲಿ ಪಾಲು ಕೊಡುವ ಹಿಂದೂ ಕೋಡ್ ಬಿಲ್ ನಿಂತುಹೋಯಿತು. 1951ರಲ್ಲಿ ಮಂತ್ರಿಗಿರಿ ಬಿಟ್ಟದ್ದಕ್ಕೆ ಅದೂ ದೊಡ್ಡ ಕಾರಣ. ಪಿತ್ರಾರ್ಜಿತದಲ್ಲಿ ಸಮಪಾಲಿನ ಕೇಂದ್ರ ಕಾನೂನು ಬಂದದ್ದು 2005ರಲ್ಲಿ.

ಆದ್ರ ಗುಮಾಸ್ತನಾಗಿ ನಾನು ನೋಡೋದು ಹಕ್ಕುಬಿಡುಗಡೆ ಪತ್ರ. ತವರು ತಪ್ಪಬಾರದಂತ ಅಕ್ಕತಂಗಿಯರು ಸಹಿ ಹಾಕ್ತಾರ. ಜೈ ಭೀಮ್ ಅನ್ನೋ ಮನಿಯವರೂ ಹಾಕಿಸ್ತಾರ. ನಮ್ಮ ಹೊಲಕ್ಕೂ ಅಕ್ಕನ ಸಹಿ ನಾನೇ ತಗೊಂಡೀನಿ. ಆಕೆ ಪಾಲು ಆಕೆಗೆ ತಿರುಗಿ ಬರೆದುಕೊಡೋದು ಹೆಂಗ ಅಂತ ಈಗ ವಕೀಲರನ್ನ ಕೇಳೀನಿ.