ಪಲ್ಲಾವರದ ಕಲ್ಲೂ ಬೇಡನ ಮರೆಯೂ

ಮದರಾಸಿನಿಂದ ದಕ್ಷಿಣಾಭಿಮುಖವಾಗಿ, ಪರಂಗಿಮಲೆಯನ್ನು ದಾಟಿ ತಾಂಬರದತ್ತ ಸಾಗುವ ಹೆದ್ದಾರಿಯ ಇಕ್ಕೆಲಗಳಲ್ಲಿ ಹರಡಿಕೊಂಡಿರುವ ಪಲ್ಲಾವರಂ, ವಿಮಾನಗಳ ಘೋಷಕ್ಕೂ ಶುಕ್ರವಾರದ ಸಂತೆಯ ಸಂದಣಿಗೂ ಹೆಸರಾದ ಉಪನಗರವಾಗಿದ್ದರೂ, ಅದರ ಪೂರ್ವಚರಿತ್ರೆಯನ್ನು ಶೋಧಿಸುವವರಿಗೆ ಕಾಲದ ಪದರಗಳು ಒಂದರ ಕೆಳಗೊಂದಾಗಿ ಗೋಚರಿಸುತ್ತವೆ. ಮೇಲಿನ ಪದರದಲ್ಲಿ ಆಂಗ್ಲರ ದಂಡಿನ ಪಾಳೆಯವೂ ತೊಗಲು ಹದಮಾಡುವ ಕಾರ್ಖಾನೆಗಳೂ ಇವೆ. ಅದರ ಕೆಳಗೆ, ಏಳನೆಯ ಶತಮಾನದ ಆದಿಭಾಗದಲ್ಲಿ ಪಲ್ಲವ ಮಹೇಂದ್ರವರ್ಮನು ಬಂಡೆಯಲ್ಲಿ ಕೊರೆಯಿಸಿದ ಗುಹಾಲಯವಿದೆ. ಅದಕ್ಕೂ ಕೆಳಗೆ, ರಾಜರೂ ರಾಜ್ಯಗಳೂ ಇನ್ನೂ ಹುಟ್ಟದಿದ್ದ ಕಾಲದ ಕಲ್ಲುಗರಸಿನ ಪದರವಿದೆ. ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಸಂಸ್ಥೆಯ ಯುವ ಅಧಿಕಾರಿಯಾಗಿದ್ದ ರಾಬರ್ಟ್ ಬ್ರೂಸ್ ಫೂಟನು 1863ನೆಯ ಇಸವಿ ಮೇ 30ರಂದು ಇಲ್ಲಿನ ಕವಾಯತು ಮೈದಾನದ ಬಳಿಯ ಗರಸಿನ ಗುಂಡಿಯಲ್ಲಿ ಮನುಷ್ಯಹಸ್ತದಿಂದ ರೂಪುಗೊಂಡ ಒಂದು ಕೈಗೊಡಲಿಯನ್ನು ಕಂಡು ಎತ್ತಿಕೊಂಡನು. ಈ ದೇಶದ ಪ್ರಾಗಿತಿಹಾಸವೆಂಬ ಶಾಸ್ತ್ರವು ಆ ದಿನದಿಂದ ಆರಂಭವಾಯಿತೆಂದು ವಿದ್ವಾಂಸರು ಗಣಿಸುತ್ತಾರೆ.

ಅದಕ್ಕೆ ನಾಲ್ಕು ವರ್ಷಗಳ ಹಿಂದೆಯಷ್ಟೇ, 1859ರಲ್ಲಿ, ಫ್ರಾನ್ಸಿನ ಸೋಮ್ ನದಿಯ ಕಣಿವೆಯಲ್ಲಿ ದೊರೆತ ಕಲ್ಲಿನಾಯುಧಗಳು ಲುಪ್ತ ಮೃಗಗಳ ಸಮಕಾಲೀನವೆಂಬುದನ್ನು ಪ್ರೆಸ್ಟ್‌ವಿಚ್ ಮತ್ತು ಇವಾನ್ಸ್ ಎಂಬ ವಿದ್ವಾಂಸರು ದೃಢಪಡಿಸಿದ್ದುದರಿಂದ, ಅಂಥ ಕಲ್ಲನ್ನು ಕಾಣಬಲ್ಲ ಕಣ್ಣು ಅಷ್ಟುಹೊತ್ತಿಗೆ ಸಿದ್ಧವಾಗಿತ್ತು. 1863ರ ಸೆಪ್ಟೆಂಬರ್ 28ರಂದು ಫೂಟನೂ ಆತನ ಸಹೋದ್ಯೋಗಿ ವಿಲಿಯಂ ಕಿಂಗನೂ ಕೊರ್ತಲೈಯಾರ್ ನದಿಯ ಸಮೀಪದ ಅತ್ತಿರಂಪಾಕ್ಕಂನಲ್ಲಿ ಇನ್ನೂ ಸಮೃದ್ಧವಾದ ನೆಲೆಯೊಂದನ್ನು ಕಂಡುಹಿಡಿದರು. ನಮ್ಮ ಕಾಲದಲ್ಲಿ ಅಲ್ಲಿ ಉತ್ಖನನ ನಡೆಸಿದ ಶಾಂತಿ ಪಪ್ಪು ಮತ್ತು ಸಂಗಡಿಗರು ಆ ಕೈಗೊಡಲಿಗಳ ಪ್ರಾಚೀನತೆಯನ್ನು ಸುಮಾರು 15 ಲಕ್ಷ ವರ್ಷಗಳಿಗೆ ಒಯ್ದಿರುವುದಲ್ಲದೆ, ಅಂದಿನ ಕೆಸರಿನಲ್ಲಿ ಊರಿ ಹಾಗೆಯೇ ಉಳಿದುಬಂದ ಮೃಗಗಳ ಗೊರಸಿನ ಗುರುತುಗಳನ್ನೂ ಬೆಳಕಿಗೆ ತಂದಿದ್ದಾರೆ. ಗೊರಸಿನ ಗುರುತೂ ಇದೆ, ಮಾಂಸವನ್ನು ಸೀಳಿದ ಕಲ್ಲೂ ಇದೆ. ಆದರೆ ಇವೆರಡರ ನಡುವೆ, ಆ ಮೃಗದ ಸಮೀಪಕ್ಕೆ ಆ ಮನುಷ್ಯನು ಹೇಗೆ ಬಂದನೆಂಬ ಪ್ರಶ್ನೆಗೆ ನೆಲವು ಯಾವ ಉತ್ತರವನ್ನೂ ಉಳಿಸಿಕೊಂಡಿಲ್ಲ. ಬೇಟೆಯ ಇತಿಹಾಸವನ್ನು ನಾವು ಆಯುಧಗಳ ಇತಿಹಾಸವೆಂದು ಬರೆಯುತ್ತ ಬಂದಿರುವುದಕ್ಕೆ ಕಾರಣ, ಆಯುಧವು ಕಲ್ಲಾಗಿರುವುದರಿಂದ ಉಳಿಯಿತು ಎಂಬುದಷ್ಟೆ. ಬೇಡನು ಕುಳಿತ ಮರೆಯು ಸೊಪ್ಪು, ಸೌದೆ, ತೊಗಲುಗಳದಾದ್ದರಿಂದ ಒಂದೇ ಮಳೆಗಾಲದಲ್ಲಿ ಮಣ್ಣುಗೂಡಿತು. ಆ ಮರೆಯೇ ಬೇಟೆಯ ಅರ್ಧಭಾಗವೆಂಬುದೂ, ಬಿಲ್ಲಿನ ಬೇಟೆಯಲ್ಲಂತೂ ಅರ್ಧಕ್ಕಿಂತಲೂ ಹೆಚ್ಚೆಂಬುದೂ ನನ್ನ ದೃಢವಾದ ನಂಬಿಕೆ.

ಇದಕ್ಕೆ ಕಾರಣವು ಬಿಲ್ಲಿನ ಸ್ವಭಾವದಲ್ಲಿಯೂ ಜಿಂಕೆಯ ಸ್ವಭಾವದಲ್ಲಿಯೂ ಅಡಗಿದೆ. ಮರದ ಬಿಲ್ಲಿನಿಂದ ಬಿಟ್ಟ ಬಾಣವು ಎಷ್ಟು ದೂರ ಹಾರಿದರೂ, ಮೃಗದ ಮರ್ಮಸ್ಥಾನವನ್ನು ನಿಶ್ಚಯವಾಗಿ ಭೇದಿಸಬೇಕಾದರೆ ಬೇಡನು ಕೆಲವೇ ಹೆಜ್ಜೆಗಳಷ್ಟು ಸಮೀಪದಲ್ಲಿರಬೇಕು. ಜಿಂಕೆಯ ಕಣ್ಣುಗಳಾದರೋ ತಲೆಯ ಎರಡು ಪಕ್ಕಗಳಲ್ಲಿದ್ದು, ಮೇಯುತ್ತಿರುವಾಗಲೇ ಬೆನ್ನ ಹಿಂದಣ ಚಲನೆಯನ್ನೂ ಗ್ರಹಿಸಬಲ್ಲವು. ಗಾಳಿಯು ಬೇಡನ ಕಡೆಯಿಂದ ಬೀಸಿದರೆ ಕಣ್ಣಿನ ಸಹಾಯವೂ ಅದಕ್ಕೆ ಬೇಕಾಗುವುದಿಲ್ಲ. ಇವೆಲ್ಲಕ್ಕಿಂತ ಕಠಿಣವಾದ ತೊಡಕೆಂದರೆ, ಹೆದೆಯನ್ನು ಕಿವಿಯವರೆಗೆ ಸೆಳೆಯುವ ಕ್ರಿಯೆಯೇ ಒಂದು ದೊಡ್ಡ ಚಲನೆಯಾಗಿರುವುದು. ಕೋವಿ ಹಿಡಿದವನು ಮೊದಲೇ ಗುರಿಯಿಟ್ಟು ಬೆರಳೊಂದನ್ನೇ ಅಲುಗಿಸಿದರೆ ಸಾಕು. ಬಿಲ್ಲುಗಾರನಾದರೋ ಮೃಗವು ಅತ್ಯಂತ ಸಮೀಪಕ್ಕೆ ಬಂದ ಕ್ಷಣದಲ್ಲಿಯೇ ಭುಜವನ್ನೂ ಮೊಣಕೈಯನ್ನೂ ಚಲಿಸಬೇಕು. ಆದುದರಿಂದ ಆತನ ಮರೆಯು ಕುಳಿತ ದೇಹವನ್ನು ಮುಚ್ಚಿದರೆ ಸಾಲದು. ಸೆಳೆಯುವ ತೋಳನ್ನೂ ಮುಚ್ಚಬೇಕು, ಬಾಣಕ್ಕೆ ದಾರಿಯನ್ನೂ ಬಿಡಬೇಕು. ಇಂದಿಗೂ ಅಮೆರಿಕದಲ್ಲಿ ಬಿಲ್ಲಿನಿಂದ ಜಿಂಕೆಯನ್ನು ಬೇಟೆಯಾಡುವವರು ಮಡಚಿ ಹೆಗಲಿಗೇರಿಸಿಕೊಂಡು ಹೋಗಬಹುದಾದ ಬಟ್ಟೆಯ ಗುಡಾರಗಳನ್ನು ಕಾಡಿನಂಚಿನಲ್ಲಿ ಹೂಡಿ, ಅವುಗಳ ಕಿಂಡಿಗಳಿಂದ ಬಾಣ ಬಿಡುತ್ತಾರೆ. ಸಾಮಗ್ರಿಯು ಹೊಸದು, ಸಮಸ್ಯೆಯು ಬಿಲ್ಲಿನಷ್ಟೇ ಹಳೆಯದು.

ಬಿಲ್ಲು ನಮ್ಮ ಭೂಭಾಗಕ್ಕೆ ಎಂದು ಬಂದಿತೆಂಬುದನ್ನು ಕಲ್ಲಿನ ಮೊನೆಗಳಿಂದ ಊಹಿಸಬೇಕು. ಪಲ್ಲಾವರದ ಕೈಗೊಡಲಿಯು ಕೈಯಲ್ಲಿ ಹಿಡಿಯುವ ಆಯುಧ. ಬಾಣಕ್ಕೂ ಅದಕ್ಕೂ ಸಂಬಂಧವಿಲ್ಲ. ಕನ್ನಡಿಗರು ಸ್ಮರಿಸಬೇಕಾದ ಸಂಗತಿಯೆಂದರೆ, ಫೂಟನ ಶೋಧಕ್ಕೆ 21 ವರ್ಷ ಮೊದಲೇ, 1842ರಲ್ಲಿ, ರಾಯಚೂರು ಸೀಮೆಯ ಲಿಂಗಸುಗೂರಿನಲ್ಲಿ ಪ್ರಿಮ್‌ರೋಸ್ ಎಂಬ ವೈದ್ಯನು ಕಲ್ಲಿನ ಚೂರಿಗಳನ್ನೂ ಬಾಣದ ಮೊನೆಗಳನ್ನೂ ಕಂಡಿದ್ದನು. ಆದರೆ ಅವುಗಳ ಪ್ರಾಚೀನತೆಯನ್ನು ಅಳೆಯುವ ಶಾಸ್ತ್ರವೇ ಆಗ ಹುಟ್ಟಿರಲಿಲ್ಲ. ಫೂಟನು ಮುಂದೆ ಬಳ್ಳಾರಿಯ ಸಂಗನಕಲ್ಲು, ಕುಪ್ಪಗಲ್ಲುಗಳ ಗುಡ್ಡಗಳನ್ನು ಪರಿಶೋಧಿಸಿದನು; ಮಗನೊಡಗೂಡಿ ಕರ್ನೂಲಿನ ಗುಹೆಗಳನ್ನು ಅಗೆದನು; ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯು 1894ರಲ್ಲಿ ಸ್ಥಾಪಿತವಾದಾಗ ಅದರ ಮೊದಲ ಮುಖ್ಯಸ್ಥನೂ ಆದನು. ಅದೇ ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ಈಚೆಗೆ ಸುಮಾರು 35,000 ವರ್ಷಗಳ ಹಿಂದಿನ ಸೂಕ್ಷ್ಮ ಶಿಲಾಯುಧಗಳು ದೊರೆತಿವೆ. ಸಿಂಹಳದ ಫಾ ಹಿಯೆನ್ ಗುಹೆಯಲ್ಲಿ ದೊರೆತ 48,000 ವರ್ಷಗಳಷ್ಟು ಹಳೆಯ ಎಲುಬಿನ ಮೊನೆಗಳನ್ನು ಬಾಣದ ಮೊನೆಗಳೆಂದೇ ಸಂಶೋಧಕರು ಅರ್ಥೈಸಿದ್ದಾರೆ. ಉಗುರಿನಷ್ಟು ಗಾತ್ರದ ಸೂಕ್ಷ್ಮ ಶಿಲಾಯುಧಗಳು ಬೆಂಗಳೂರಿನ ಜಾಲಹಳ್ಳಿಯಲ್ಲಿಯೂ ಸಿಕ್ಕಿವೆ.

ನೆಲವು ಮೌನವಾದೆಡೆಯಲ್ಲಿ ಗ್ರಂಥಗಳು ಮಾತನಾಡತೊಡಗುತ್ತವೆ. ಪಲ್ಲಾವರವು ಸೇರಿದ ತಮಿಳು ನಾಡಿನ ಸಂಘಂ ಕವಿಗಳು ಬಾಣವನ್ನು ಹೊಗಳಿದರು. ಕೊಲ್ಲಿಮಲೆಯ ನಾಯಕ ಓರಿಯ ಒಂದೇ ಬಾಣವು ಆನೆ, ಹುಲಿ, ಜಿಂಕೆ, ಹಂದಿ, ಉಡಗಳನ್ನು ಒಂದಾದ ಮೇಲೊಂದರಂತೆ ಭೇದಿಸಿತೆಂದು ಪುರನಾನೂರು ವರ್ಣಿಸುತ್ತದೆ. ಅದು ಶೌರ್ಯದ ಕಾವ್ಯ. ಅಲ್ಲಿ ಮರೆಗೆ ಸ್ಥಾನವಿಲ್ಲ. ಮರೆಯ ಮಾತು ಬೇಕಾದರೆ ನಾವು ಕನ್ನಡನಾಡಿಗೇ ಬರಬೇಕು. ಹತ್ತನೆಯ ಶತಮಾನದಲ್ಲಿ ಪಂಪನು ತನ್ನ ಭಾರತದ ಐದನೆಯ ಆಶ್ವಾಸದಲ್ಲಿ, ಖಾಂಡವದಹನಕ್ಕೆ ಮುನ್ನ, ಬೇಟೆಯ ವರ್ಣನೆಗೆ ತೊಡಗಿದಾಗ, ಬೇಟೆಯ ವಿಧಗಳನ್ನೂ ಅದರಲ್ಲಿ ಪಳಗಿದವರ ಪರಿಭಾಷೆಯನ್ನೂ ಬಲ್ಲವನಂತೆ ಬರೆದಿದ್ದಾನೆ. ಸಾಕಿದ ಮೃಗವನ್ನು ಮುಂದೊಡ್ಡಿ ಕಾಡುಮೃಗವನ್ನು ಸೆಳೆಯುವ ದೀವದ ಬೇಟೆಯು ಅವನಿಗೆ ಪರಿಚಿತವಾಗಿತ್ತು. ಎರಡು ಶತಮಾನಗಳ ಬಳಿಕ, 1126ರಿಂದ 1138ರವರೆಗೆ ಕಲ್ಯಾಣದಿಂದ ಆಳಿದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು, ಅಭಿಲಷಿತಾರ್ಥಚಿಂತಾಮಣಿಯೆಂಬ ಇನ್ನೊಂದು ಹೆಸರುಳ್ಳ ತನ್ನ ಮಾನಸೋಲ್ಲಾಸದಲ್ಲಿ ಮೃಗಯಾವಿನೋದಕ್ಕೆಂದೇ ವಿಸ್ತಾರವಾದ ಪ್ರಕರಣವನ್ನು ಮೀಸಲಿಟ್ಟನು. ಅರಸನೊಬ್ಬನು ಬರೆದ ಗ್ರಂಥವೆಂದು ಅದರಲ್ಲಿ ಬರಿಯ ಆಡಂಬರವನ್ನು ನಿರೀಕ್ಷಿಸುವವರಿಗೆ ಆಶ್ಚರ್ಯವಾಗುವಂತೆ, ನೀರು ಕುಡಿಯಲು ಬರುವ ಮೃಗಕ್ಕಾಗಿ ಮರೆಯಾಗಿ ಕಾಯುವುದು, ಪಳಗಿಸಿದ ಹುಲ್ಲೆಯನ್ನು ಬಿಟ್ಟು ಕಾಡುಹುಲ್ಲೆಯನ್ನು ಬಾಣದ ಅಳವಿಗೆ ತರುವುದು ಮುಂತಾದ ಉಪಾಯಗಳು ಅಲ್ಲಿ ಶಾಸ್ತ್ರದ ಶಿಸ್ತಿನಿಂದ ನಿರೂಪಿತವಾಗಿವೆ. ಇವುಗಳಲ್ಲಿ ಯಾವುದೊಂದನ್ನೂ ಸೋಮೇಶ್ವರನು ಅರಮನೆಯಲ್ಲಿ ಕುಳಿತು ಕಲ್ಪಿಸಿದ್ದಾನೆಂದು ನನಗೆ ತೋರುವುದಿಲ್ಲ. ತಲೆತಲಾಂತರದಿಂದ ಹೊಟ್ಟೆಪಾಡಿಗಾಗಿ ಕಾಡಿನಲ್ಲಿ ಹೊಂಚು ಕುಳಿತ ಬೇಡರ ವಿದ್ಯೆಯು ಇಲ್ಲಿ ಚಕ್ರವರ್ತಿಯ ಲೇಖನಿಯಿಂದ ಸಂಸ್ಕೃತ ಶ್ಲೋಕಗಳ ವೇಷವನ್ನು ತೊಟ್ಟಿದೆ. ಆ ಬೇಡರ ಹೆಸರುಗಳು ಮಾತ್ರ ಗ್ರಂಥದಲ್ಲಿ ಸೇರಲಿಲ್ಲ.

ಈ ವಿದ್ಯೆಯ ಬೌದ್ಧಿಕ ಮೌಲ್ಯವನ್ನು ಕೌಟಿಲ್ಯನೂ ಗುರುತಿಸಿದ್ದನು. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಪಂಡಿತ ಶಾಮಶಾಸ್ತ್ರಿಗಳ ಕೈಗೆ ಬಂದ ಅರ್ಥಶಾಸ್ತ್ರದಲ್ಲಿ, ಬೇಟೆಯು ದ್ಯೂತಕ್ಕಿಂತ ಕೆಟ್ಟ ವ್ಯಸನವೆಂದ ಪಿಶುನನೆಂಬ ಆಚಾರ್ಯನ ಮತವನ್ನು ಕೌಟಿಲ್ಯನು ಖಂಡಿಸುತ್ತ, ಬೇಟೆಯಿಂದ ದೇಹಕ್ಕೆ ವ್ಯಾಯಾಮವೂ ನಿಂತ ಮತ್ತು ಓಡುವ ಗುರಿಗಳಲ್ಲಿ ಕೌಶಲವೂ ದೊರೆಯುವುದಲ್ಲದೆ, ಮೃಗಗಳ ಚಿತ್ತವೃತ್ತಿಯ ಜ್ಞಾನವೂ ಲಭಿಸುತ್ತದೆಂದು ವಾದಿಸುತ್ತಾನೆ. ಈ ಕೊನೆಯ ಲಾಭವು ಕುದುರೆಯೇರಿ ಬೆನ್ನಟ್ಟುವವನಿಗಿಂತ ಮರೆಯಲ್ಲಿ ಕುಳಿತವನಿಗೇ ಹೆಚ್ಚು ಸಲ್ಲತಕ್ಕದ್ದು. ಬೆನ್ನಟ್ಟುವವನು ಭೀತ ಮೃಗವನ್ನು ಮಾತ್ರ ಕಾಣುತ್ತಾನೆ, ಮರೆಯಲ್ಲಿರುವವನು ನಿರ್ಭೀತ ಮೃಗವನ್ನು ಕಾಣುತ್ತಾನೆ.

ಹಾಗಾದರೂ ಗೌರವವೆಲ್ಲ ಸಂದದ್ದು ಎದುರುನಿಂತು ಹೋರಾಡಿದ ಬೇಟೆಗೇ. ಮಂಡ್ಯ ಸೀಮೆಯ ಆತಕೂರಿನ ಪ್ರಸಿದ್ಧ ಶಿಲಾಶಾಸನವನ್ನು ನೋಡಿ. 949ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಬೂತುಗನೂ ಚೋಳರನ್ನು ಸೋಲಿಸಿದರು. ಆ ತಕ್ಕೋಲವು ಅರಕ್ಕೋಣದ ಬಳಿ, ಪಲ್ಲಾವರವೂ ಸೇರಿರುವ ತೊಂಡೈನಾಡಿನಲ್ಲಿಯೇ ಇದೆ. ಬೂತುಗನು ಮೆಚ್ಚಿ ಏನು ಬೇಕೆಂದು ಕೇಳಿದಾಗ, ಮಣಲೇರನೆಂಬ ವೀರನು ಊರನ್ನೂ ಹೊನ್ನನ್ನೂ ಬೇಡದೆ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿಯು ಹಂದಿಯೊಂದರೊಡನೆ ಕಾದಿ, ಎರಡೂ ಮಡಿದುವು. ಅದರ ಸ್ಮರಣಾರ್ಥವಾಗಿ ನಿಂತ ಕಲ್ಲು ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಹುಲಿಯೊಡನೆ, ಹಂದಿಯೊಡನೆ ಹೆಣಗಿ ಸತ್ತವರಿಗೆ ಕನ್ನಡನಾಡಿನಲ್ಲಿ ವೀರಗಲ್ಲುಗಳುಂಟು. ಸೊಪ್ಪಿನ ಹಿಂದೆ ಉಸಿರು ಬಿಗಿಹಿಡಿದು ಜಿಂಕೆಗಾಗಿ ಕಾದವನಿಗೆ ಯಾರು ಕಲ್ಲು ನೆಡಿಸಿಯಾರು? ಹೀಗೆ ಮರೆಯು ಮಣ್ಣಿನಲ್ಲಿಯೂ ಉಳಿಯದೆ ಕಲ್ಲಿನಲ್ಲಿಯೂ ಮೂಡದೆ ಎರಡು ಬಾರಿ ಅಳಿಯಿತು.

ಅಳಿಯದೆ ಉಳಿದದ್ದು ಮನುಷ್ಯರ ರೂಢಿಯಲ್ಲಿ. ಉತ್ತರ ಕರ್ನಾಟಕದ ಕರಿಮಣ್ಣಿನ ಬಯಲುಗಳಲ್ಲಿ ಚಿಗರಿಯೆಂದು ಕರೆಯಲ್ಪಡುವ ಕೃಷ್ಣಮೃಗವು, ಪ್ರಾಣಿಶಾಸ್ತ್ರದ ದೃಷ್ಟಿಯಿಂದ ಜಿಂಕೆಯ ಕುಲಕ್ಕೆ ಸೇರದಿದ್ದರೂ, ಲೋಕವ್ಯವಹಾರದಲ್ಲಿ ಜಿಂಕೆಯೇ ಆಗಿದೆ. ಗಿಡಮರಗಳಿಲ್ಲದ ಬಯಲಿನಲ್ಲಿ ಅದನ್ನು ಸಮೀಪಿಸುವುದಾದರೂ ಹೇಗೆ? ಹರಣಶಿಕಾರಿಗಳೆಂಬ ಅಲೆಮಾರಿ ಬೇಡರು ಈ ಪ್ರಶ್ನೆಗೆ ಕಂಡುಕೊಂಡ ಉತ್ತರವು ನನ್ನ ದೃಷ್ಟಿಯಲ್ಲಿ ಬೇಟೆಯ ಇತಿಹಾಸದ ಅತ್ಯಂತ ಸೊಗಸಾದ ಉಪಾಯಗಳಲ್ಲೊಂದು. ಹೊಲದಲ್ಲಿ ಉಳುವ ಎತ್ತನ್ನೂ ದಾರಿಯಲ್ಲಿ ಸಾಗುವ ಬಂಡಿಯನ್ನೂ ದಿನವೂ ಕಂಡ ಚಿಗರಿಯು ಅವುಗಳಿಗೆ ಹೆದರುವುದಿಲ್ಲವೆಂಬುದನ್ನು ಅರಿತ ಅವರು, ಎತ್ತೊಂದನ್ನು ಮೆಲ್ಲನೆ ಮೇಯುತ್ತ ಸಾಗುವಂತೆ ಪಳಗಿಸಿ, ಅದರ ಪಕ್ಕೆಗೆ ಮೈಯೊತ್ತಿ, ತಮ್ಮ ಹೆಜ್ಜೆಯನ್ನು ಅದರ ಹೆಜ್ಜೆಯೊಡನೆ ಕೂಡಿಸಿ ನಡೆದು, ಹಿಂಡಿನ ಸಮೀಪಕ್ಕೆ ಸೇರಿ, ಸಾಲಾಗಿ ಉರುಲುಗಳನ್ನು ಒಡ್ಡುತ್ತಿದ್ದರು. ನಡೆದಾಡುವ ಮರೆ ಇದು. ಹೊತ್ತೊಯ್ಯಬೇಕಾಗಿಲ್ಲ, ತಾನೇ ತನ್ನ ಕಾಲಮೇಲೆ ಬರುತ್ತದೆ. ಅರಸರೂ ಇದೇ ತತ್ತ್ವವನ್ನು ಬಳಸಿಕೊಂಡರು: ಕಣ್ಣುಕಟ್ಟಿದ ಚೀತಾವನ್ನು ಬಂಡಿಯಲ್ಲಿ ಕುಳ್ಳಿರಿಸಿಕೊಂಡು ಹಿಂಡಿನ ಬಳಿಗೆ ಒಯ್ದು ಬಿಡುತ್ತಿದ್ದರು. ಕೋವಿ ಹಿಡಿದ ಆಂಗ್ಲ ಅಧಿಕಾರಿಗಳೂ ಎತ್ತಿನ ಬಂಡಿಯ ಮರೆಯಲ್ಲಿ ನಡೆದು ಚಿಗರಿಯ ಹಿಂಡನ್ನು ಸಮೀಪಿಸುವುದನ್ನು ಕಲಿತರು.

ಮಲೆನಾಡಿನ ಕ್ರಮವೇ ಬೇರೆ. ಅಲ್ಲಿ ಕಾಡೇ ಮರೆಯಾಗಿರುವುದರಿಂದ ಹಳುವನ್ನು ಸೋವುವ ದೊಡ್ಡ ಬೇಟೆಯೂ, ಹಣ್ಣುದುರುವ ಮರದ ಬಳಿಯೋ ನೀರಿನ ಬಳಿಯೋ ರಾತ್ರಿಯೆಲ್ಲ ಮರಸು ಕೂರುವ ಒಂಟಿ ಬೇಟೆಯೂ ಬೆಳೆದುವು. ಬಿಲ್ಲು ಹೋಗಿ ಕೋವಿ ಬಂದ ಮೇಲೂ ಮರಸು ನಿಂತಿತು. ಬೇಟೆಗಾರರ ಆ ಲೋಕವು 1933ರಲ್ಲಿ ಪ್ರಕಟವಾದ ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಗ್ರಂಥದಲ್ಲಿ ಜೀವಂತವಾಗಿದೆ.

ಇಂಥ ವಿದ್ಯೆಯನ್ನು ಕಾಪಾಡಿಕೊಂಡು ಬಂದವರಿಗೆ ಸಂದ ಪ್ರತಿಫಲವನ್ನು ನೆನೆದರೆ ಮನಸ್ಸು ಕುದಿಯುತ್ತದೆ. 1871ರಲ್ಲಿ ಆರಂಭವಾದ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಅಲೆಮಾರಿಯಾಗಿ ಬದುಕುವುದನ್ನೇ ಅಪರಾಧದ ಲಕ್ಷಣವೆಂದು ಎಣಿಸಿತು. ಹುಬ್ಬಳ್ಳಿಯಂಥ ಕಡೆ ಬೇಲಿಯೊಳಗಣ ಸೆಟ್ಲಮೆಂಟುಗಳು ಹುಟ್ಟಿಕೊಂಡುವು. ಹಾಜರಿ ಕೊಡದೆ ಊರು ಬಿಡುವಂತಿರಲಿಲ್ಲ. ಆ ಕಳಂಕವು ಕಾನೂನಿನಿಂದ ತೊಲಗಿದ್ದು 1952ರ ಆಗಸ್ಟ್ 31ರಂದು. ಇಪ್ಪತ್ತು ವರ್ಷಗಳ ನಂತರ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿರ್ಬಂಧಿಸಿ ಕೃಷ್ಣಮೃಗಕ್ಕೆ ಅತ್ಯುಚ್ಚ ರಕ್ಷಣೆಯನ್ನು ನೀಡಿತು. 1974ರಲ್ಲಿ ರಾಣೆಬೆನ್ನೂರಿನಲ್ಲಿ ಅದಕ್ಕಾಗಿಯೇ ಅಭಯಾರಣ್ಯವು ಏರ್ಪಟ್ಟಿತು. ಇದು ಸರಿಯಾದ ಕಾರ್ಯವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಪಲ್ಲಾವರಕ್ಕೆ ಸಮೀಪದ ಗಿಂಡಿಯಲ್ಲಿ, ಒಂದು ಕಾಲಕ್ಕೆ ಗವರ್ನರರ ಉಪವನವಾಗಿದ್ದು 1978ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಾಡಿನಲ್ಲಿ, ನಗರದ ನಟ್ಟನಡುವೆ ಕೃಷ್ಣಮೃಗವೂ ಚುಕ್ಕೆಜಿಂಕೆಯೂ ಮೇಯುತ್ತಿರುವುದು ಇಂಥ ರಕ್ಷಣೆಯ ಫಲವೇ. ಬೇಟೆಯು ಮರಳಿ ಬರಬೇಕೆಂದು ನಾನು ಹೇಳುತ್ತಿಲ್ಲ. ಬೇಟೆಯು ನಿಂತಾಗ ಅದರೊಡನಿದ್ದ ಜ್ಞಾನವನ್ನು ಬರೆದಿಡುವವರಿಲ್ಲದೆ ಹೋಯಿತೆಂಬುದು ನನ್ನ ವ್ಯಥೆ. ಮೃಗದ ನಡೆ, ಗಾಳಿಯ ದಿಕ್ಕು, ಯಾವ ಕಾಲದಲ್ಲಿ ಯಾವ ಹುಲ್ಲಿಗೆ ಹಿಂಡು ಇಳಿಯುತ್ತದೆಂಬ ಲೆಕ್ಕ, ಇವನ್ನು ಬಲ್ಲ ಹರಣಶಿಕಾರಿ ವೃದ್ಧರನ್ನು ಅಭಯಾರಣ್ಯಗಳ ಕಾವಲಿಗೂ ಗಣತಿಗೂ ಗುರುಗಳನ್ನಾಗಿ ಕರೆಯುವುದರಲ್ಲಿ ಇಲಾಖೆಗಳಿಗೆ ಹಾನಿಯೇನೂ ಇಲ್ಲ.

ಫೂಟನು ಸುಮಾರು ನಲವತ್ತು ವರ್ಷಗಳ ಕಾಲ ಕೂಡಿಹಾಕಿದ ಶಿಲಾಯುಧಗಳ ಸಂಗ್ರಹವನ್ನು ಮದರಾಸು ಸರ್ಕಾರವು 1904ರಲ್ಲಿ 40,000 ರೂಪಾಯಿಗಳಿಗೆ ಕೊಂಡಿತು. ಆತನು 1912ರಲ್ಲಿ ತೀರಿಕೊಂಡ ಬಳಿಕ ಅದರ ವಿವರಣಾತ್ಮಕ ಸೂಚಿಯೂ ಟಿಪ್ಪಣಿಗಳೂ 1914 ಮತ್ತು 1916ರಲ್ಲಿ ಅಚ್ಚಾದುವು. ಎಗ್ಮೋರಿನ ವಸ್ತುಸಂಗ್ರಹಾಲಯಕ್ಕೆ ಸೇರಿದ ಆ ಸಂಗ್ರಹದಲ್ಲಿ ಪ್ರತಿಯೊಂದು ಕಲ್ಲಿಗೂ ದೊರೆತ ಊರಿನ ಹೆಸರಿದೆ, ನಮ್ಮ ಬಳ್ಳಾರಿ, ರಾಯಚೂರು ಸೀಮೆಗಳ ಹೆಸರುಗಳೂ ಇವೆ. ಅದೇ ಶ್ರದ್ಧೆಯಿಂದ, ಅದೇ ಊರಿನ ಹೆಸರುಗಳೊಡನೆ, ಹುಬ್ಬಳ್ಳಿ, ಗದಗ, ರಾಣೆಬೆನ್ನೂರುಗಳ ಹರಣಶಿಕಾರಿ ಕೇರಿಗಳಲ್ಲಿ ಉರುಲು ಹೆಣೆಯಬಲ್ಲವರೂ ಎತ್ತು ಪಳಗಿಸುವ ಕ್ರಮವನ್ನು ಹೇಳಬಲ್ಲವರೂ ಇರುವಾಗಲೇ ಅವರ ಮಾತನ್ನು ದಾಖಲಿಸುವ ಕೆಲಸವನ್ನು ನಮ್ಮ ವಿಶ್ವವಿದ್ಯಾನಿಲಯಗಳು ಕೈಗೊಳ್ಳಬೇಕು.